ಮೈಕ್ ಆಫ್ ಆದ ಮೇಲೆ ಉಳಿದ ವಂದನಾರ್ಪಣೆ



ಮೊನ್ನೆ ನಾಲ್ಕನೇ ಶನಿವಾರ ನಮ್ಮ ತಾಲ್ಲೂಕು ಕೇಂದ್ರದಲ್ಲಿ ಅಂಬೇಡ್ಕರ್ ಜಯಂತಿ ಪ್ರಯುಕ್ತ ನಡೆದ ಹಾಡಿನ ಸಂಜೆಗೆ ಬಂದವರಿಗೆಲ್ಲ ಗೊತ್ತು, ಕೊನೆಯಲ್ಲಿ ವಂದನಾರ್ಪಣೆ ಆಗಲಿಲ್ಲ. ರಾತ್ರಿ ಹತ್ತರ ಮೇಲೆ ಧ್ವನಿವರ್ಧಕ ಹಾಕೋ ಹಾಗಿಲ್ಲ. ಪೊಲೀಸರು ಬಂದು ಗಡಿಯಾರ ತೋರಿಸಿದರು, ಕೊನೇ ಹಾಡು ಮುಗೀತು, ಮೈಕ್ ಆಫ್. ವಂದನಾರ್ಪಣೆ ನನ್ನ ಪಾಲಿಗಿತ್ತು. ಚೀಟಿ ಜೇಬಲ್ಲೇ ಉಳೀತು. ಅತಿಥಿಗಳ ಭಾಷಣವೇ ಒಂದೂವರೆ ಗಂಟೆ ತಿಂದಿತ್ತು ಅನ್ನೋದನ್ನೂ ಹೇಳಿಬಿಡ್ತೀನಿ, ಯಾರಿಗಾದರೂ ಬೇಜಾರಾದರೂ ಪರವಾಗಿಲ್ಲ.

ಆ ಚೀಟಿ ಇವತ್ತು ಇಲ್ಲಿ ಓದಬೇಕು ಅನ್ನಿಸ್ತು. ಅದಕ್ಕೆ ಮೊದಲು ನನ್ನದೇ ಒಂದು ತಪ್ಪು ಒಪ್ಪಿಕೊಳ್ಳಬೇಕು.

ಹೋದ ವರ್ಷವೂ ವಂದನಾರ್ಪಣೆ ನಾನೇ ಮಾಡಿದ್ದೆ. ವೇದಿಕೆ ಮೇಲಿದ್ದ ಹದಿನಾಲ್ಕು ಜನರ ಹೆಸರು, ಪದವಿ ಸಮೇತ, ಒಂದೂ ಬಿಡದೆ ಹೇಳಿದೆ. ಕೆಳಗಿಳಿದಾಗ ತಮಟೆ ತಂಡದ ಹಿರಿಯರೊಬ್ಬರು ಮೆಲ್ಲಗೆ ಕೇಳಿದರು, ‘ನಮ್ಮ ಹೆಸ್ರು ಬರ್ಲಿಲ್ಲ ಅಲ್ವಾ ಸಾರ್?’ ಅಷ್ಟೇ. ಬೈದಿದ್ದರೂ ಚೆನ್ನಾಗಿತ್ತು. ಒಂದು ವರ್ಷ ಆ ಮಾತು ನನ್ನ ಬೆನ್ನು ಬಿಟ್ಟಿಲ್ಲ.

ನಿಜ ಹೇಳಬೇಕಂದ್ರೆ ‘ಕೃತಜ್ಞತೆ’ ಅನ್ನೋ ಪದ ಕಂಡರೆ ನನಗೆ ಮೊದಲಿಂದಲೂ ಆಗಿಬರಲ್ಲ. ಯಾಕೆ ಅಂತ ನಮ್ಮವರಿಗೆ ಬಿಡಿಸಿ ಹೇಳಬೇಕಿಲ್ಲ. ನಮ್ಮ ಕೇರಿಗಳಲ್ಲಿ ಆ ಪದದ ಹೆಸರು ಋಣ. ಉಪ್ಪಿನ ಋಣ, ಅನ್ನದ ಋಣ, ಧಣಿ ಋಣ. ಯಾವಾಗಲೂ ನಾವು ತೀರಿಸುವವರು, ಅವರು ವಸೂಲಿ ಮಾಡುವವರು.

ನಮ್ಮಪ್ಪ ತಮಟೆ ಬಡೀತಿದ್ದ. ಊರ ಜಾತ್ರೆಗೆ ರಾತ್ರಿಯಿಡೀ ಬಡಿದರೆ ಸಿಗ್ತಿದ್ದಿದ್ದು ಒಂದಿಷ್ಟು ರಾಗಿ, ಒಂದು ತೆಂಗಿನಕಾಯಿ, ಮಿಕ್ಕಿದ ಅನ್ನ. ಗುಡಿ ಒಳಗೆ ಕಾಲಿಡೋ ಹಾಗಿರಲಿಲ್ಲ. ಕಾಸು ಕೇಳಿದರೆ, ‘ದೇವ್ರ ಸೇವೆಗೂ ಕಾಸೇನ್ಲಾ?’ ಅನ್ನೋರು. ಒಂದು ವರ್ಷ ಅಪ್ಪನಿಗೆ ಚಳಿಜ್ವರ. ಹೋಗಲಿಲ್ಲ. ಇಬ್ಬರು ಬಂದು ಕೇರಿ ಬಾಯಲ್ಲಿ ನಿಂತು ಕೂಗಿದರು. ಕಂಬಳಿ ಹೊದ್ಕೊಂಡೇ ಅಪ್ಪ ಎದ್ದು ಹೋದ. ನನಗಾಗ ಎಂಟು ವರ್ಷ. ಬಿಟ್ಟಿ ಚಾಕರಿಯನ್ನು ಸಂವಿಧಾನದ 23ನೇ ವಿಧಿ ನಿಷೇಧಿಸುತ್ತೆ ಅಂತ ನಾನು ಓದಿದ್ದು ಬಿ.ಎ.ಗೆ ಬಂದ ಮೇಲೆ. ಓದಿದಾಗ ಕಣ್ಣ ಮುಂದೆ ಬಂದಿದ್ದು ಆ ಕಂಬಳಿ.

ಹಾಗಾಗಿ ಶುಕ್ರವಾರ ಆಫೀಸಿನಲ್ಲಿ ಪಕ್ಕದ ಟೇಬಲ್‌ನವರು, ‘ರಜಾ ದಿನ ಬಿಟ್ಟಿ ದುಡಿಯೋಕೆ ಹೋಗ್ತೀರಲ್ಲ, ನಿಮಗೇನ್ರೀ ಸಿಗುತ್ತೆ?’ ಅಂದಾಗ ಚುರ್ ಅಂತು. ಅಪ್ಪ ಮಾಡಿದ್ದೂ ಕಾಸಿಲ್ಲದ ಕೆಲಸ, ನಾನು ಮಾಡ್ತಿರೋದೂ ಕಾಸಿಲ್ಲದ ಕೆಲಸ. ವ್ಯತ್ಯಾಸ ಏನು?

ಶನಿವಾರ ಬೆಳಿಗ್ಗೆಯೇ ಉತ್ತರ ಸಿಕ್ಕಿತು. ಕುರ್ಚಿ ಹಾಕೋಕೆ ಬರ್ತೀನಿ ಅಂದಿದ್ದ ಒಬ್ಬ ಹುಡುಗ ಫೋನ್ ಮಾಡಿ, ‘ಅಣ್ಣ, ಕ್ರಿಕೆಟ್ ಮ್ಯಾಚ್ ಐತೆ, ಬರಕ್ಕಾಗಲ್ಲ’ ಅಂದ. ನಾವು ನಾಲ್ಕು ಬೈಗುಳ ಬೈದು ಸುಮ್ಮನಾದ್ವಿ. ಯಾರೂ ಅವನ ಮನೆ ಬಾಗಿಲಿಗೆ ಹೋಗಿ ಕೂಗಲಿಲ್ಲ. ಸಂಜೆ ಅವನೇ ಬಂದು ನಗ್ತಾ ಊಟ ಬಡಿಸಿದ. ಬರಲ್ಲ ಅಂತ ಹೇಳೋಕೆ ಅವನಿಗೆ ಆಗುತ್ತೆ, ಅಪ್ಪನಿಗೆ ಆಗ್ತಿರಲಿಲ್ಲ. ಇಷ್ಟೇ ವ್ಯತ್ಯಾಸ, ಆದರೆ ಇದು ಸಣ್ಣದಲ್ಲ.

ನನಗೆ ಹಂಚಿದ್ದ ಮೊದಲ ಕೆಲಸ ನೀರಿಂದು. ಇಪ್ಪತ್ತು ಲೀಟರ್ ಕ್ಯಾನುಗಳು, ನೂರು ಸ್ಟೀಲ್ ಲೋಟ. ಪೇಪರ್ ಕಪ್ ಸಾಕು, ತೊಳೆಯೋ ತಾಪತ್ರಯ ಇರಲ್ಲ ಅಂತ ಕೆಲವರು ಅಂದರು. ಲೋಟವೇ ಇರಲಿ ಅಂತ ಹಟ ಹಿಡಿದೋನು ನಾನು. 1927ರ ಮಾರ್ಚ್‌ನಲ್ಲಿ ಮಹಾಡ್ ಸಮ್ಮೇಳನಕ್ಕೆ ಬಂದ ಜನರಿಗೆ ಕುಡಿಯೋ ನೀರನ್ನ ನಲವತ್ತು ರೂಪಾಯಿ ಕೊಟ್ಟು ಕೊಳ್ಳಬೇಕಾಗಿತ್ತು. ಆಮೇಲೆ 20ನೇ ತಾರೀಕು ಬಾಬಾಸಾಹೇಬರು ಆ ಜನರನ್ನ ಕರ್ಕೊಂಡು ಚವದಾರ್ ಕೆರೆಗೆ ನಡೆದರು, ನೀರು ಮುಟ್ಟಿದರು. ಸವರ್ಣೀಯರು ಸಗಣಿ ಗಂಜಲ ಸುರಿದು ಕೆರೆಯನ್ನ ‘ಶುದ್ಧ’ ಮಾಡಿಕೊಂಡರು. ಕೋರ್ಟಿನಲ್ಲಿ ಆ ಕೇಸು ಮುಗಿಯೋಕೆ 1937 ಆಯ್ತು. ಈ ಚರಿತ್ರೆ ಗೊತ್ತಿರೋರು ನೀರಿನ ಟೇಬಲ್ಲನ್ನ ಸಣ್ಣ ಕೆಲಸ ಅಂದ್ಕೊಳ್ಳೋಕಾಗಲ್ಲ. ಒಬ್ಬರು ಕುಡಿದು ತೊಳೆದಿಟ್ಟ ಲೋಟದಲ್ಲಿ ಇನ್ನೊಬ್ಬರು ಕುಡೀಬೇಕು, ಯಾರ ಲೋಟ ಯಾವುದು ಅಂತ ಗುರುತಿರಬಾರದು. ನನಗೆ ಬೇಕಾಗಿದ್ದು ಅದು.

ಏಳು ಗಂಟೆ ಹೊತ್ತಿಗೆ ನಮ್ಮೂರಿನ ದೊಡ್ಡ ಮನೆಯ ಯಜಮಾನರೊಬ್ಬರು ಬಂದರು. ಶಾಲೆ ಮಕ್ಕಳ ತಂಡದಲ್ಲಿ ಅವರ ಮೊಮ್ಮಗಳು ಹಾಡೋದಿತ್ತಂತೆ. ‘ನೀರು ಕೊಡಪ್ಪಾ’ ಅಂದೋರು ಮುಖ ನೋಡಿ, ‘ನಮ್ಮೂರೋನಂಗೆ ಕಾಣ್ತೀಯ, ಯಾರ ಮಗ?’ ಅಂದರು. ‘ತಮಟೆಯೋರ ಮಗ, ಕೇರಿಯೋನು’ ಅಂದೆ. ಅವರ ಮನೆ ಜಗಲಿ ಕೆಳಗೆ ನಿಂತು ಬೊಗಸೆ ಒಡ್ಡಿದ್ದು ನನಗೆ ನೆನಪಿದೆ. ಮೇಲಿಂದ ಸುರಿದರೆ ಅರ್ಧ ಬಾಯಿಗೆ, ಅರ್ಧ ಮೊಣಕೈಗೆ. ಅವರಿಗೂ ನೆನಪಾಗಿರಬೇಕು. ಒಂದು ಗಳಿಗೆ ಲೋಟ ಹಿಡಿದು ನಿಂತರು. ಕುಡಿದರು. ಖಾಲಿ ಲೋಟ ಟೇಬಲ್ ಮೇಲಿಡದೆ ನನ್ನ ಕೈಗೇ ಕೊಟ್ಟರು.

ಇದರಿಂದ ಜಾತಿ ಹೋಯ್ತು ಅಂತ ನಾನು ಹೇಳ್ತಿಲ್ಲ. ಆ ಮನೆ ಜಗಲಿ ಇವತ್ತಿಗೂ ಅಲ್ಲೇ ಇದೆ, ನಮ್ಮವರು ಇವತ್ತಿಗೂ ಕೆಳಗೇ ನಿಲ್ತಾರೆ. ಆದರೆ ಆ ಲೋಟ ನನ್ನ ಕೈಗೆ ಬಂದಿದ್ದೂ ಸುಳ್ಳಲ್ಲ. ನೀರು ಕೊಟ್ಟಿದ್ದು ನಾನು, ತಗೊಂಡಿದ್ದು ಅವರು. ಇಷ್ಟನ್ನ ನೋಡೋಕೆ ಅಪ್ಪ ಇರಬೇಕಿತ್ತು.

ಎಂಟರ ಮೇಲೆ ನನ್ನನ್ನ ವೇದಿಕೆ ಹಿಂದಕ್ಕೆ ಕಳಿಸಿದರು. ಸಂಜೆ ಮಳೆ ಹನಿ ಬಿದ್ದು ತಮಟೆ ಚರ್ಮ ಸಡಿಲ ಆಗಿತ್ತು. ಕಾಯಿಸಬೇಕು. ಬೆಂಕಿ ಶಾಮಿಯಾನದ ಕಡೆ ಹಾರದ ಹಾಗೆ ನೋಡ್ಕೊಳ್ಳೋದು ನನ್ನ ಕೆಲಸ. ಹೋದ ವರ್ಷ ಹೆಸರು ಕೇಳಿದ್ದ ಅದೇ ಹಿರಿಯರು ಒಣ ಗರಿ ಉರಿಸಿ ತಮಟೆ ತಿರುಗಿಸ್ತಾ ಕೂತಿದ್ದರು. ಹುಡುಗರ ಕೈಯಲ್ಲಿದ್ದವು ಪ್ಲಾಸ್ಟಿಕ್ ಹೊದಿಸಿದವು. ‘ಅವಕ್ಕೆ ಕಾಯಿಸೋ ರಗಳೆ ಇಲ್ಲ ಸಾರ್, ಮಳೆ ಬಂದ್ರೂ ಬಿಸಿಲು ಬಂದ್ರೂ ಒಂದೇ ತರ ಕೂಗ್ತವೆ. ಇದು ಹಂಗಲ್ಲ, ಕಾಯಿಸಿದಂಗೆ ಮಾತಾಡ್ತದೆ.’ ‘ಸಾರ್ ಅನ್ಬೇಡ್ರಣ್ಣ, ನಮ್ಮಪ್ಪಾನೂ ಇದೇ ಹಿಡಿದೋನು’ ಅಂದೆ. ನನ್ನ ಕೈಗೂ ಕಡ್ಡಿ ಕೊಟ್ಟರು. ನನಗೆ ಬಡಿಯೋಕೆ ಬರಲ್ಲ. ಓದು ಅಂತ ಅಪ್ಪ ಮುಟ್ಟಿಸಿರಲಿಲ್ಲ.

ತಮಟೆ ಬಿಡಬೇಕು, ಅದು ಅವಮಾನದ ಗುರುತು ಅಂತ ನಮ್ಮ ಚಳವಳಿಯಲ್ಲೇ ವಾದ ಆಗಿದೆ. ಸಾವಿಗೆ, ಸಾರೋದಕ್ಕೆ ಬಡಿಯಲ್ಲ ಅಂದವರ ಸಿಟ್ಟು ನ್ಯಾಯದ್ದು. ಅದೇ ತಮಟೆಯಿಂದ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರು 2023ರಲ್ಲಿ ಪದ್ಮಶ್ರೀ ತಗೊಂಡರು, ಅದೂ ನಿಜ. ಶನಿವಾರ ಡಿಗ್ರಿ ಓದೋ ಹೆಣ್ಣುಮಗಳೊಬ್ಬಳು ವೇದಿಕೆ ನಟ್ಟ ನಡುವೆ ನಿಂತು ಬಡಿದಾಗ ನನಗನ್ನಿಸಿದ್ದು, ಕೇಳಬೇಕಾದ ಪ್ರಶ್ನೆ ಎರಡೇ: ಯಾರು ಹೇಳಿದರು ಅಂತ ಬಡೀತಿದ್ದೀವಿ, ಎಲ್ಲಿ ನಿಂತು ಬಡೀತಿದ್ದೀವಿ?

ನಮ್ಮ ಚಳವಳಿ ಬೆಳೆದಿದ್ದೇ ಹಾಡಿನಿಂದ. 1975ರಲ್ಲಿ ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ ಬಂತು. ದಲಿತ ಸಂಘರ್ಷ ಸಮಿತಿ ಆ ಹಾಡುಗಳನ್ನ ಕೇರಿ ಕೇರಿಗೆ ಹೊತ್ಕೊಂಡು ಹೋಯ್ತು. ಹಾಡಿದವರ, ಬರೆದವರ ಹೆಸರು ಉಳಿದಿದೆ, ಉಳೀಬೇಕು. ಅವತ್ತು ದೀಪ ಹಿಡಿದೋರು, ಗೋಡೆ ಬರಹ ಬರೆದೋರು, ಬಂದೋರಿಗೆ ಮುದ್ದೆ ತಿರುವಿ ಹಾಕಿದ ಅವ್ವಂದಿರು ಯಾರು? ಗೊತ್ತಿಲ್ಲ. ಟಿ.ಎಂ. ಕೃಷ್ಣ 2020ರಲ್ಲಿ ಮೃದಂಗ ಮಾಡೋರ ಬಗ್ಗೆ ಒಂದು ಪುಸ್ತಕವನ್ನೇ ಬರೆದರು. ಹಸು, ಎಮ್ಮೆ, ಆಡಿನ ಚರ್ಮ ಹದ ಮಾಡಿ ಆ ನಾದ ಕಟ್ಟೋ ಕೈಗಳಲ್ಲಿ ಬಹಳಷ್ಟು ದಲಿತರವು, ಕಚೇರಿಯಲ್ಲಿ ಅವರ ಹೆಸರು ಬರಲ್ಲ. ಓದಿ ಸವರ್ಣೀಯರ ಸಭೆಗಳನ್ನ ಬೈದುಕೊಂಡೆ. ನಮ್ಮ ವೇದಿಕೆಯಲ್ಲಿ ನಾನು ಮಾಡಿದ್ದೇನು?

ಅದಕ್ಕೇ ಸಂಘಟಕ ಗೆಳೆಯರಿಗೆ ಮೂರು ಮಾತು. ಒಂದು, ಕಲಾವಿದರ ಸಂಭಾವನೆಯನ್ನ ಅವರು ವೇದಿಕೆ ಹತ್ತೋ ಮೊದಲೇ ಕವರಿನಲ್ಲಿ ಕೊಡಿ. ‘ಚಳವಳಿ ಕೆಲಸಕ್ಕೂ ಕಾಸಾ?’ ಅನ್ನೋದಕ್ಕೂ ‘ದೇವ್ರ ಸೇವೆಗೂ ಕಾಸಾ?’ ಅನ್ನೋದಕ್ಕೂ ಏನು ವ್ಯತ್ಯಾಸ? ಕಾಸಿಲ್ಲದೆ ದುಡಿಯೋದು ನನ್ನಂಥ ತಿಂಗಳ ಸಂಬಳದೋರ ಪಾಲಿಗಿರಲಿ. ಎರಡು, ಅಡುಗೆ ಮನೇಲಿ ಗಂಡಸರು, ಮೈಕ್ ಮುಂದೆ ಹೆಂಗಸರು, ಒಂದು ವರ್ಷವಾದರೂ ಮಾಡಿ ನೋಡೋಣ. ಮೊನ್ನೆಯೂ ಅಕ್ಕಂದಿರು ಹಾಡು ಕೇಳಿದ್ದು ಅಡುಗೆ ಶೆಡ್ಡಿನಿಂದಲೇ. ಮೂರು, ವಂದನಾರ್ಪಣೆ ಕೊನೆಗೆ ಬೇಡ, ಮೊದಲೇ ಆಗಲಿ. ಹತ್ತು ಗಂಟೆಗೆ ಮೈಕ್ ಹೋದರೆ ಭಾಷಣ ಹೋಗಲಿ.

ಈಗ ಚೀಟಿ. ಸ್ವಂತ ಹೆಸರುಗಳನ್ನ ಕೇಳದೆ ಫೇಸ್‌ಬುಕ್‌ಗೆ ಹಾಕೋದು ಸರಿಯಲ್ಲ, ಮುಂದಿನ ವೇದಿಕೆಯಲ್ಲಿ ಹೆಸರಿಡಿದು ಹೇಳ್ತೀನಿ. ಮಳೇಲಿ ಶಾಮಿಯಾನ ಹಿಡಿದು ನಿಂತ ನಾಲ್ವರಿಗೆ. ಲೋಟ ತೊಳೆದ ಇಬ್ಬರು ಹುಡುಗಿಯರಿಗೆ. ಮುನ್ನೂರು ಜನಕ್ಕೆ ಅಂದ್ಕೊಂಡಿದ್ದ ಅನ್ನ ಸಾರನ್ನ ಐನೂರು ಜನಕ್ಕೆ ಸಾಲಿಸಿದ ಅಕ್ಕಂದಿರಿಗೆ. ಭಾನುವಾರ ಬೆಳಿಗ್ಗೆ ಐದಕ್ಕೆ, ನಾವೆಲ್ಲ ಮಲಗಿದ್ದಾಗ, ಮೈದಾನ ಗುಡಿಸಿದ ಪೌರಕಾರ್ಮಿಕರಿಗೆ. ಕ್ರಿಕೆಟ್ ಆಡಿ ಬಂದು ಬಡಿಸಿದ ಹುಡುಗನಿಗೆ. ತಮಟೆ ಅಣ್ಣನಿಗೆ, ಅವರ ಬೆಂಕಿಗೆ.

ಇದು ಋಣ ಅಲ್ಲ. ಯಾರೂ ನನ್ನ ಹತ್ರ ವಸೂಲಿ ಮಾಡ್ತಿಲ್ಲ. ನೆನೆಸಿಕೊಂಡರೆ ಹೊಟ್ಟೆ ತಣ್ಣಗಾಗುತ್ತೆ, ಅದಕ್ಕೆ ಹೇಳ್ತಿದ್ದೀನಿ.

ಮುಂದಿನ ವರ್ಷವೂ ನೀರಿನ ಟೇಬಲ್ ನನಗೇ ಇರಲಿ. ಲೋಟಗಳು ನಮ್ಮ ಮನೇಲಿವೆ. ಎಣಿಸಿದೆ, ಮೂರು ಕಮ್ಮಿ ಇವೆ. ತಗೊಂಡೋರು ಇಟ್ಕೊಳ್ಳಿ, ಬಾಯಾರಿದೋರಿಗೆ ಅದರಲ್ಲೇ ಕೊಡಿ.

ಜೈ ಭೀಮ್.