ಸೌರಫಲಕಕ್ಕೆ ಮುನ್ನ ಮನೆಯ ಲೆಕ್ಕ

2024ರಲ್ಲಿ ಆರಂಭವಾದ ಪಿಎಂ ಸೂರ್ಯ ಘರ್ ಯೋಜನೆಯಡಿ 3 ಕಿಲೋವ್ಯಾಟ್ ಮೇಲ್ಛಾವಣಿ ಸೌರಘಟಕಕ್ಕೆ 78,000 ರೂಪಾಯಿ ಸಹಾಯಧನವಿದೆ. ಆದರೆ ಗೃಹಜ್ಯೋತಿಯಿಂದ ಶೂನ್ಯ ಬಿಲ್ಲು ಪಡೆಯುತ್ತಿರುವ ಮನೆಗೆ ಅದರಿಂದಾಗುವ ಉಳಿತಾಯ ಅತ್ಯಲ್ಪ. ತಿಂಗಳಿಗೆ 200 ಯೂನಿಟ್ ಮೀರಿದವರು ಪೂರ್ಣ ಬಿಲ್ಲು ತೆರಬೇಕಾದ್ದರಿಂದ, ಸೌರಫಲಕ ನಿಜವಾಗಿ ನೆರವಾಗುವುದು ಅವರಿಗೆ. ಈ ಮಿತಿಯ ಅಂಚಿನಲ್ಲಿದ್ದು ಗೀಸರ್ ಬಳಸುವವರಿಗೆ ಸೋಲಾರ್ ವಾಟರ್ ಹೀಟರ್ ಒಂದೇ ಸಾಕಾಗಬಹುದು. ನಾಲ್ಕಾರು ದನಗಳಿರುವ ಮನೆಗೆ ಗೋಬರ್ ಗ್ಯಾಸ್ ಲೇಸು. ಅಡುಗೆಗೆ ಅನಿಲ, ಹೊಲಕ್ಕೆ ಗೊಬ್ಬರ ಎರಡೂ ದೊರೆಯುತ್ತವೆ. ಬ್ಯಾಟರಿಯಿಲ್ಲದ ಸೌರಘಟಕ ವಿದ್ಯುತ್ ಕಡಿತವಾದಾಗ ತಾನೂ ನಿಲ್ಲುತ್ತದೆ ಎಂಬುದನ್ನು ನಾವು ಮರೆಯಬಾರದು. ಸಹಾಯಧನವನ್ನು ನೆಚ್ಚಿ ಸಾಲ ಮಾಡುವ ಮುನ್ನ, ಒಂದು ವರ್ಷದ ಬಿಲ್ಲುಗಳನ್ನು ಮುಂದಿಟ್ಟುಕೊಂಡು ಮನೆಮಂದಿಯೆಲ್ಲ ಕುಳಿತು ಲೆಕ್ಕ ಹಾಕಬೇಕೆಂಬುದು ನಮ್ಮ ವಿನಂತಿ.