ಓಡೋ ಮಿಷನ್ನ ಯಾಕ್ ಬಿಚ್ಚೀರಿ?

ಮುಂಗಾರಿಗೆ ಮುಂಚೆ ಸದಸ್ಯರ ಕಳೆ ಕೊಚ್ಚುವ ಯಂತ್ರಗಳನ್ನು ಒಮ್ಮೆ ಬಿಚ್ಚಿ, ತೊಳೆದು, ಗ್ರೀಸು ತುಂಬಿ, ಸಡಿಲವಾದುದನ್ನು ಬಿಗಿದು ಕೊಡುವ ವ್ಯವಸ್ಥೆ ಸಂಘದ ಗೋದಾಮಿನ ಅಂಗಳದಲ್ಲಿ ಇದೆ. ಕೂಲಿ ಇಲ್ಲ, ಹೊಸ ಬಿಡಿಭಾಗ ಹಾಕಿದರೆ ಅದರ ಬೆಲೆ ಮಾತ್ರ. ಇಷ್ಟು ಅನುಕೂಲವಿದ್ದೂ ಯಂತ್ರವನ್ನು ಹೊತ್ತು ತರುವವರು ಬೆರಳೆಣಿಕೆಯಷ್ಟು. ತರದವರ ಮನೆಯಲ್ಲಿ ಯಂತ್ರ ಇಲ್ಲವೆಂದಲ್ಲ. ಕೊಟ್ಟಿಗೆಯ ಮೂಲೆಯಲ್ಲಿ, ಗೊಬ್ಬರದ ಚೀಲದ ಮೇಲೆ ಅದು ಒರಗಿಕೊಂಡೇ ಇದೆ. ಬಾಗಿಲಿಗೆ ಹೋಗಿ ಕೇಳಿದರೆ, “ಬ್ಯಾಡ ಬುಡಿ ಸ್ವಾಮಿ, ಓಡ್ತಾ ಅದೆ. ಓಡೋ ಮಿಷನ್ನ ಯಾಕ್ ಬಿಚ್ಚೀರಿ?” ಎಂಬ ಉತ್ತರ ಸಿಗುತ್ತದೆ, ಜೊತೆಗೆ ಒಂದು ಎಳನೀರೂ ಸಿಗುತ್ತದೆ.

“ನಮ್ಮ ಜನಕ್ಕೆ ಬಿಟ್ಟಿ ಕೊಟ್ಟರೂ ಬೇಡ” ಎಂದು ಇದರಿಂದ ಬೇಸರಪಟ್ಟುಕೊಂಡವರುಂಟು. ಆ ಮಾತಿಗೆ ನಮ್ಮ ಒಪ್ಪಿಗೆಯಿಲ್ಲ. ಬೇಡ ಎನ್ನುವವನ ಬಳಿ ಕಾರಣವಿರುತ್ತದೆ. ಅದು ಏನೆಂದು ವಿಚಾರಿಸದೆ ಅವನನ್ನು ಮೂಢನೆಂದು ತೀರ್ಮಾನಿಸುವುದು ಸಹಕಾರಿಗಳಿಗೆ ತಕ್ಕ ನಡವಳಿಕೆಯಲ್ಲ.

ನಮ್ಮ ವೈದ್ಯನಾಥಪುರ ಶಿಂಷಾ ದಂಡೆಯ ಊರು. ಇಲ್ಲಿ ಕಾಫಿ ಇಲ್ಲ. ತೆಂಗು, ಅದರ ನಡುವೆ ಅಡಿಕೆ, ಬಾಳೆ, ಆಚೆಗೆ ಕಬ್ಬು, ಭತ್ತ. ಆದರೆ ಕಳೆಯ ಪಾಡು ಈ ಪತ್ರಿಕೆ ಓದುವ ಮಲೆನಾಡಿನ ಕಾಫಿ ಬೆಳೆಗಾರರಿಗೂ ನಮಗೂ ಒಂದೇ. ಕುಡುಗೋಲು ಹಿಡಿದು ಸಾಲುಗಟ್ಟಿ ಕಳೆ ತೆಗೆಯುತ್ತಿದ್ದ ಹೆಣ್ಣಾಳುಗಳು ಈಗ ಗಾರ್ಮೆಂಟ್ಸಿನ ಬಸ್ಸು ಹತ್ತುತ್ತಾರೆ. ಗಂಡಾಳುಗಳಿಗೆ ಮದ್ದೂರಿನಿಂದ ರೈಲು ಹತ್ತಿದರೆ ಬೆಂಗಳೂರು ದೂರವಲ್ಲ. ಗುದ್ದಲಿಯಿಂದ ಕೆತ್ತಿದರೆ ಮೇಲ್ಮಣ್ಣು ಮಳೆಗೆ ಕೊಚ್ಚಿಹೋಗುತ್ತದೆ, ಔಷಧಿ ಹೊಡೆಯುವುದು ಎಲ್ಲರಿಗೂ ಒಗ್ಗುವುದಿಲ್ಲ. ಹೀಗಾಗಿ ಹೆಗಲಿಗೆ ತೂಗುಹಾಕಿಕೊಳ್ಳುವ ಈ ಯಂತ್ರ ಎರಡೆಕರೆಯವನಿಗೂ ನೇಗಿಲಿನಷ್ಟೇ ಅಗತ್ಯದ ವಸ್ತುವಾಗಿದೆ.

ಇದರ ಹುಟ್ಟಿನ ಕಥೆಯೂ ತಿಳಿದಿರಲಿ. ಹುಲ್ಲು ಕತ್ತರಿಸುವ ಯಂತ್ರಕ್ಕೆ 1830ರಲ್ಲಿ ಇಂಗ್ಲೆಂಡಿನಲ್ಲಿ ಹಕ್ಕುಪತ್ರ ಪಡೆದವನು ಎಡ್ವಿನ್ ಬಡ್ಡಿಂಗ್. ಉಣ್ಣೆ ಬಟ್ಟೆಯ ಮೇಲಿನ ಜುಂಗು ಕತ್ತರಿಸುವ ಗಿರಣಿ ಯಂತ್ರವನ್ನು ನೋಡಿ ಅವನಿಗೆ ಅದು ಹೊಳೆಯಿತು. ಅದು ಸಮತಟ್ಟಾದ ಹುಲ್ಲುಹಾಸಿನ ಯಂತ್ರ. ನಮ್ಮ ಕಡೆ ಲಾಲ್‌ಬಾಗು, ಬೃಂದಾವನದಂಥ ಉದ್ಯಾನಗಳಿಗೆ ಸಲ್ಲುವಂಥದು. ಗಿಡದ ಬುಡ, ಬದುವಿನ ಅಂಚು ಅದರ ಕೈಗೆ ಎಟುಕುವುದಿಲ್ಲ. 1971ರಲ್ಲಿ ಅಮೆರಿಕದ ಹ್ಯೂಸ್ಟನ್ ನಗರದಲ್ಲಿ ಜಾರ್ಜ್ ಬಲ್ಲಾಸ್ ಎಂಬಾತ, ಕಾರು ತೊಳೆಯುವ ಕಡೆ ಗಿರಗಿರನೆ ತಿರುಗುವ ಕುಂಚಗಳನ್ನು ಕಂಡು, ತಗಡಿನ ಡಬ್ಬಿಗೆ ಮೀನು ಹಿಡಿಯುವ ದಾರ ಪೋಣಿಸಿ ತಿರುಗಿಸಿ ನೋಡಿದ, ಹುಲ್ಲು ಕತ್ತರಿಸಿತು. ನಮ್ಮ ಯಂತ್ರದ ತುದಿಗೆ ಇಂದು ಸಿಕ್ಕಿಸುವ ನೈಲಾನ್ ದಾರದ ತಲೆ ಅದೇ ಉಪಾಯದ್ದು.

ಇನ್ನು “ಓಡ್ತಾ ಅದೆ” ಎಂಬ ಉತ್ತರದ ವಿಚಾರ. ಇದು ಸುಳ್ಳಲ್ಲ, ಆದರೆ ಅರ್ಧ ನಿಜ. ಈ ಯಂತ್ರ ಕೆಡುವ ಹಿಂದಿನ ದಿನದವರೆಗೂ ಓಡುತ್ತಿರುತ್ತದೆ. ಎರಡು ಹೊಡೆತದ ಎಂಜಿನ್‌ಗೆ ಬೇರೆ ಆಯಿಲ್ ಪಾತ್ರೆಯಿಲ್ಲ. ಪೆಟ್ರೋಲಿಗೆ ಬೆರೆಸಿದ ಆಯಿಲೇ ಅದರ ಜೀವ. ತಯಾರಕರ ಪುಸ್ತಕದಲ್ಲಿ 50ಕ್ಕೆ 1 ಎಂದಿದ್ದರೆ ಒಂದು ಲೀಟರಿಗೆ 20 ಮಿಲಿಲೀಟರ್, 25ಕ್ಕೆ 1 ಎಂದಿದ್ದರೆ 40 ಮಿಲಿಲೀಟರ್. ಕಣ್ಣಂದಾಜಿನಲ್ಲಿ ಸುರಿಯುವವರೇ ಹೆಚ್ಚು. ಕಡಿಮೆ ಬಿದ್ದರೆ ಪಿಸ್ಟನ್ ಕಚ್ಚಿಕೊಳ್ಳುತ್ತದೆ, ಹೆಚ್ಚು ಬಿದ್ದರೆ ಹೊಗೆಯ ಕೊಳವೆಯಲ್ಲಿ ಇದ್ದಿಲು ಕಟ್ಟುತ್ತದೆ. ನಾಲ್ಕು ಹೊಡೆತದ ಎಂಜಿನ್‌ನಲ್ಲಿ ಆಯಿಲ್ ಬೇರೆಯೇ ಇರುತ್ತದೆ. ಅದು ನೂರು ಮಿಲಿಲೀಟರಿನಷ್ಟು ಮಾತ್ರ. ಮೊದಲ ಸಲ ಸುಮಾರು 10 ಗಂಟೆ ದುಡಿದ ಮೇಲೆ, ಆಮೇಲೆ 50 ಗಂಟೆಗೊಮ್ಮೆ ಬದಲಾಯಿಸುವುದು ರೂಢಿ. ಒಂದು ಟೀ ಲೋಟದಷ್ಟು ಆಯಿಲಿಗೆ ಲೆಕ್ಕ ನೋಡಿ ಎಂಜಿನ್ ಕಳೆದುಕೊಳ್ಳುವುದು ಯಾವ ಉಳಿತಾಯವೋ ನಮಗಂತೂ ತಿಳಿಯದು. ಇವೆರಡನ್ನೂ ಒಂದೇ ಮನೆಯಲ್ಲಿಟ್ಟುಕೊಂಡು, ಆಯಿಲ್ ಬೆರೆಸದ ಪೆಟ್ರೋಲನ್ನು ಎರಡು ಹೊಡೆತದ್ದಕ್ಕೆ ಹುಯ್ದರೆ ಸ್ವಲ್ಪ ಹೊತ್ತಿನಲ್ಲೇ ಕೆಲಸ ಮುಗಿಯುತ್ತದೆ.

ಪೆಟ್ರೋಲಿನಲ್ಲೇ ಈಗ ಬದಲಾವಣೆಯಾಗಿದೆ. ಶೇಕಡ 20 ಎಥನಾಲ್ ಬೆರೆಸುವ ಗುರಿಯನ್ನು ದೇಶ 2025ರಲ್ಲಿ ಮುಟ್ಟಿತು. ಆ ಎಥನಾಲು ಕಬ್ಬಿನ ರಸ, ಕಾಕಂಬಿ, ಧಾನ್ಯಗಳಿಂದ ಬರುವಂಥದು. ಕಬ್ಬು ಬೆಳೆಯುವ ಮಂಡ್ಯ ಜಿಲ್ಲೆಯವರಾದ ನಾವು ಅದನ್ನು ಹಳಿಯುವ ಹಾಗಿಲ್ಲ. ಆದರೆ ಎಥನಾಲು ಗಾಳಿಯ ತೇವವನ್ನು ಹೀರುತ್ತದೆ. ಮಳೆಗಾಲದ ಕೊನೆಯಲ್ಲಿ ಟ್ಯಾಂಕಿನಲ್ಲೇ ಬಿಟ್ಟ ಪೆಟ್ರೋಲು ಸಂಕ್ರಾಂತಿ ಕಳೆಯುವ ಹೊತ್ತಿಗೆ ಕಾರ್ಬುರೇಟರಿನ ಸಣ್ಣ ರಂಧ್ರಗಳಲ್ಲಿ ಅಂಟಾಗಿ ಕೂರುತ್ತದೆ; ಹಳೆಯ ಯಂತ್ರಗಳ ರಬ್ಬರು ಕೊಳವೆ, ಪೊರೆ ಬಿರಿಯುತ್ತವೆ. ಎತ್ತಿಡುವ ಮುನ್ನ ಟ್ಯಾಂಕು ಖಾಲಿ ಮಾಡಿ, ಉಳಿದದ್ದು ಉರಿದು ತಾನೇ ನಿಲ್ಲುವವರೆಗೆ ಓಡಿಸಿಡಬೇಕು. ಇದಕ್ಕೆ ಯಾವ ಮೆಕ್ಯಾನಿಕ್ಕೂ ಬೇಡ. ತುದಿಯ ಗೇರಿನ ಪೆಟ್ಟಿಗೆಗೆ ಸುಮಾರು 25 ಗಂಟೆಗೊಮ್ಮೆ ಗ್ರೀಸು ತುಂಬುವುದಕ್ಕೂ ಬೇಡ. ಗಾಳಿಯ ಜರಡಿಯನ್ನು ಕೆಲಸದ ದಿನ ಸಂಜೆ ಕೊಡವಿಟ್ಟರಾಯಿತು.

ಇಷ್ಟನ್ನೂ ಹೇಳಿದರೆ ಯಾರೂ ವಾದಿಸುವುದಿಲ್ಲ, ತಲೆಯಾಡಿಸುತ್ತಾರೆ. ಯಂತ್ರವನ್ನು ಮಾತ್ರ ತರುವುದಿಲ್ಲ. ಹಾಗಾದರೆ ತೊಡಕು ತಿಳಿವಳಿಕೆಯದಲ್ಲ.

ಮೊದಲನೆಯದು ಅನುಮಾನ, ಅದೂ ಅನುಭವದಿಂದ ಬಂದದ್ದು. ಪಂಪ್‌ಸೆಟ್ಟನ್ನು ರಿಪೇರಿಗೆ ಬಿಟ್ಟು ಬಂದು, ಒಳಗಿನ ಒಳ್ಳೆಯ ಸಾಮಾನು ಹೋಗಿ ಹಳೆಯದು ಬಂದು ಕೂತಿರುವುದನ್ನು ಕಂಡವರು ನಮ್ಮ ಸೀಮೆಯಲ್ಲಿ ಕಡಿಮೆಯಿಲ್ಲ. ಒಮ್ಮೆ ಹಾಗಾದ ಮೇಲೆ ತನ್ನ ಕಣ್ಣ ಹಿಂದೆ ಯಂತ್ರ ಬಿಚ್ಚುವುದಕ್ಕೆ ರೈತ ಒಪ್ಪುವುದಿಲ್ಲ. ಒಪ್ಪಲೂಬಾರದು.

ಎರಡನೆಯದು ಮರ್ಯಾದೆ. ಯಂತ್ರವನ್ನು ಹತ್ತು ಜನರೆದುರು ಬಿಚ್ಚಿದರೆ ಮನೆಯ ಗುಟ್ಟು ಬಿಚ್ಚಿದಂತೆ. ಕಿತ್ತುಹೋದ ಹೆಗಲಪಟ್ಟಿಗೆ ಸೀರೆಯ ಅಂಚು ಕಟ್ಟಿದೆ, ಟ್ಯಾಂಕಿನ ಮುಚ್ಚಳಕ್ಕೆ ಬಟ್ಟೆ ತುರುಕಿದೆ, ರಕ್ಷಣೆಯ ತಗಡು ಎಂದೋ ಹೋಗಿದೆ. ಸಹಾಯಧನದಲ್ಲಿ ಬಂದ ಯಂತ್ರವಾದರೆ ಇನ್ನೂ ಒಂದು ಸಂಕೋಚ: ಕಾಗದದಲ್ಲಿ ಒಬ್ಬರ ಹೆಸರು, ತೋಟದಲ್ಲಿ ಇನ್ನೊಬ್ಬರ ಹೆಗಲು. ಅರವತ್ತು ದಾಟಿದ ಯಜಮಾನರಿಗೆ ಮೊಮ್ಮಗನ ವಯಸ್ಸಿನ ಐಟಿಐ ಹುಡುಗ, “ಏನ್ ಯಜಮಾನ್ರೇ, ಹಿಂಗ್ ಮಡಗಿದೀರಿ?” ಅಂದರೆ ಮುಗಿಯಿತು, ಆತ ಮತ್ತೆ ಗೋದಾಮಿನ ದಾರಿ ಹಿಡಿಯುವುದಿಲ್ಲ.

ಮೂರನೆಯದೇ ಮುಖ್ಯ, ಅದು ಹಂಗು. ಸಹಕಾರ ಸಂಘವೆಂದರೆ ಚುನಾವಣೆ ಎಂಬುದು ಮಂಡ್ಯ ಜಿಲ್ಲೆಯವರಿಗೆ ಹೇಳಿಕೊಡಬೇಕಾದ ಪಾಠವಲ್ಲ. ಇವತ್ತು ಪ್ಲಗ್ ಒರೆಸಿಕೊಟ್ಟವನ ಅಣ್ಣ ನಾಳೆ ಚೀಟಿ ಹಿಡಿದು ಮನೆಗೆ ಬರುತ್ತಾನೆ. ಬರದಿದ್ದರೂ ಬಂದಾನು ಎಂಬ ಅಳುಕು ಇರುತ್ತದೆ. ಬಿಟ್ಟಿ ಮಾಡಿಸಿಕೊಂಡವನು ಸರ್ವಸದಸ್ಯರ ಸಭೆಯಲ್ಲಿ ಎದ್ದು ನಿಂತು ಲೆಕ್ಕ ಕೇಳುವುದಾದರೂ ಹೇಗೆ? ತನ್ನ ಮತವನ್ನೂ ಮಾತನ್ನೂ ತನ್ನದಾಗಿಯೇ ಇಟ್ಟುಕೊಳ್ಳುವುದಕ್ಕಾಗಿ ಒಬ್ಬ ಸಣ್ಣ ಹಿಡುವಳಿದಾರ ಉಚಿತ ನೆರವನ್ನು ಬೇಡವೆಂದರೆ, ಅವನು ಸಂಘದ ಒಳ್ಳೆಯ ಸದಸ್ಯನೇ ಸರಿ.

ಹಿಂದೆ ನಮ್ಮ ಊರುಗಳಲ್ಲಿ ನೆರವು ಇರಲಿಲ್ಲವೇ? ಇತ್ತು, ಯಾರೂ ಬೇಡವೆನ್ನುತ್ತಿರಲಿಲ್ಲ. ನಾಟಿಗೆ, ಕೊಯ್ಲಿಗೆ ಮುಯ್ಯಾಳು ಬರುತ್ತಿದ್ದರು. ಇವತ್ತು ನಿಮ್ಮ ಗದ್ದೆಗೆ ನಾವು, ನಾಳಿದ್ದು ನಮ್ಮ ಗದ್ದೆಗೆ ನೀವು. ಲೆಕ್ಕ ಬಾಯಲ್ಲೇ ಇದ್ದರೂ ಒಂದಾಳೂ ತಪ್ಪುತ್ತಿರಲಿಲ್ಲ. ನೇಗಿಲ ಕುಳ ಹಣಿಸಲು ಕುಲುಮೆಗೆ ಹೋದವನು ಆಚಾರಿಯ ಹಂಗಿಗೆ ಬೀಳುತ್ತಿರಲಿಲ್ಲ. ಸುಗ್ಗಿಯಲ್ಲಿ ಕಣದ ರಾಶಿಯಿಂದ ಆಚಾರಿಗೆ ಆಯ ಸಲ್ಲುತ್ತಿತ್ತು. ಆ ಪದ್ಧತಿಯಲ್ಲಿದ್ದ ಜಾತಿಯ ಕಟ್ಟು ಹೋದದ್ದು ಒಳ್ಳೆಯದೇ ಆಯಿತು. ಕೊಡುವವನಿಗೂ ಪಡೆಯುವವನಿಗೂ ಲೆಕ್ಕ ಇರಬೇಕೆಂಬ ತಿಳಿವು ಮಾತ್ರ ಉಳಿಯಬೇಕಾಗಿತ್ತು. ಸಹಕಾರದ ತಳಹದಿಯೂ ಅದೇ. 1905ರಲ್ಲಿ ಗದಗಿನ ಬಳಿಯ ಕಣಗಿನಹಾಳದಲ್ಲಿ ರೈತರು ಪತ್ತಿನ ಸಂಘ ಕಟ್ಟಿದರು. 1973ರಲ್ಲಿ ಕರ್ನಾಟಕ, ಕೇರಳ ಎರಡೂ ರಾಜ್ಯಗಳ ಅಡಿಕೆ ಬೆಳೆಗಾರರು ಮಂಗಳೂರಿನಲ್ಲಿ ಕ್ಯಾಂಪ್ಕೊ ಸ್ಥಾಪಿಸಿದರು. ಎರಡು ಕಡೆಯೂ ಸದಸ್ಯ ಷೇರು ಹಣ ಹಾಕಿ ಒಳಗೆ ಬಂದವನು, ಕೈಚಾಚಿ ನಿಂತವನಲ್ಲ.

ಆದ್ದರಿಂದ ಉಚಿತ ಎಂಬ ಪದವನ್ನು ಈ ಸೇವೆಯಿಂದ ತೆಗೆದುಹಾಕಬೇಕೆಂಬುದು ನಮ್ಮ ಅಭಿಪ್ರಾಯ. ಸಣ್ಣದೊಂದು ಶುಲ್ಕ, ಅಧ್ಯಕ್ಷರಿಗೂ ಅರ್ಧ ಎಕರೆಯವನಿಗೂ ಒಂದೇ, ರಸೀತಿಯೊಡನೆ. ರಸೀತಿ ಜೇಬಿನಲ್ಲಿದ್ದರೆ ಹಂಗಿಲ್ಲ. ಕೆಲಸ ಸರಿಯಿಲ್ಲದಿದ್ದರೆ ಮಾಲೀಕ ಜೋರು ಮಾಡಿ ಕೇಳಬಹುದು. ಯಂತ್ರದ ಒಡೆಯ ಪಕ್ಕದಲ್ಲಿ ಕೂತ ಹೊರತು ಒಂದು ತಿರುಪೂ ಬಿಚ್ಚಕೂಡದು. ತೆಗೆದ ಹಳೆಯ ಸಾಮಾನನ್ನೆಲ್ಲ, ಗುಜರಿಗೆ ಹಾಕುವಂಥದ್ದಾದರೂ, ಕವರಿನಲ್ಲಿ ಹಾಕಿ ಅವನ ಕೈಗೇ ಕೊಡಬೇಕು. ಗೋದಾಮಿಗೆ ಬರಲೊಲ್ಲದವರಿಗೆ ಪ್ಲಗ್ ಸ್ಪ್ಯಾನರು, ಅಲೆನ್ ಕೀ, ಗ್ರೀಸ್ ಗನ್ನು, ಆಯಿಲ್ ಅಳೆಯುವ ಪಾತ್ರೆ ಇವನ್ನು ಮನೆಗೆ ಒಯ್ಯಲು ಕೊಡೋಣ. ನೆರೆಹೊರೆಯ ಇಬ್ಬರು ಸೇರಿ ಒಬ್ಬರದನ್ನೊಬ್ಬರು ಬಿಚ್ಚಿಕೊಂಡರೆ ಅದೇ ಮುಯ್ಯಿ. ಹೆಗಲಪಟ್ಟಿಗೆ ಕಟ್ಟಿದ ಸೀರೆಯಂಚು ಆ ಇಬ್ಬರ ನಡುವೆಯೇ ಉಳಿಯುತ್ತದೆ.

ಇಷ್ಟಾದ ಮೇಲೂ ಒಬ್ಬನು ಬೇಡ ಎಂದರೆ ಬೇಡ. ಯಂತ್ರ ಅವನದು, ಕೆಟ್ಟರೆ ನಷ್ಟವೂ ಅವನದು. ಅವನ ಬೆನ್ನು ಹತ್ತಬಾರದು.

ಒಂದು ವಿಷಯದಲ್ಲಿ ಮಾತ್ರ ನಾವು ಈ ಉದಾರತೆ ತೋರಲಾರೆವು. ಅಲಗಿನ ಹಿಂದೆ ಇರಬೇಕಾದ ರಕ್ಷಣೆಯ ತಗಡು, ನಾವು ಗಾರ್ಡು ಎನ್ನುವುದು, ಬಹಳ ಯಂತ್ರಗಳಲ್ಲಿ ಇಲ್ಲ. ಹುಲ್ಲು ಸಿಕ್ಕಿಕೊಳ್ಳುತ್ತದೆಂದು ಕಿತ್ತಿಟ್ಟವರು ಕೆಲವರು, ಮುರಿದ ಮೇಲೆ ಹಾಕಿಸದೆ ಬಿಟ್ಟವರು ಹಲವರು. ಗಾರ್ಡಿಲ್ಲದ ಅಲಗಿಗೆ ತಗುಲಿದ ಕಲ್ಲು ಬಂದೂಕಿನ ಚರೆಯಂತೆ ಹಾರುತ್ತದೆ. ಇಳಿಜಾರಿನ ಕಾಫಿ ತೋಟದಲ್ಲಿ ಕಲ್ಲೂ ಹೆಚ್ಚು, ಕಾಲು ಜಾರುವುದೂ ಹೆಚ್ಚು. ನಮ್ಮ ಕಡೆ ಒಣಗಿದ ತೆಂಗಿನ ಮೊಟ್ಟೆಯ ಚೂರು, ಎಂದೋ ಬಿಟ್ಟ ತಂತಿಯ ತುಂಡು. ಯಂತ್ರ ನಡೆಯುವಾಗ ಬೇರೆಯವರು ಕನಿಷ್ಠ 15 ಮೀಟರ್, ಎಂದರೆ 50 ಅಡಿ ದೂರವಿರಬೇಕೆಂದು ತಯಾರಕರು ಬರೆದಿರುತ್ತಾರೆ. ನಮ್ಮ ತೋಟಗಳಲ್ಲಿ ಯಂತ್ರದವನ ಬೆನ್ನಿಗೇ ಹುಲ್ಲು ಬಾಚುವ ಹೆಂಗಸರು, ಅವರ ಬೆನ್ನಿಗೆ ಮಕ್ಕಳು.

ಯಂತ್ರ ಹಿಡಿಯುವವನು ಎಷ್ಟೋ ಕಡೆ ಯಂತ್ರದ ಒಡೆಯನಲ್ಲ, ದಿನಗೂಲಿಯ ಆಳು. “ಓಡ್ತಾ ಅದೆ, ಬುಡಿ” ಎಂದು ನೆರವನ್ನು ನಿರಾಕರಿಸಿದವನು ಒಬ್ಬ, ಕಣ್ಣು ಒಡ್ಡಿ ನಿಂತವನು ಇನ್ನೊಬ್ಬ. ಇನ್ನೊಬ್ಬನ ಕಣ್ಣನ್ನು ಬೇಡವೆನ್ನುವ ಅಧಿಕಾರ ಷೇರು ಪತ್ರದಿಂದ ಬರುವುದಿಲ್ಲ, ಪಹಣಿಯಿಂದಲೂ ಬರುವುದಿಲ್ಲ. ಗಾರ್ಡಿಲ್ಲದ ಯಂತ್ರವನ್ನು ಹೆಗಲಿಗೇರಿಸಲು ಆಳು ಒಪ್ಪದಿದ್ದರೆ ಸಂಘ ಅವನ ಪರ ನಿಲ್ಲಬೇಕು. ಆ ದಿನ ಕೆಲಸ ಕೆಟ್ಟಿತೆಂದು ಯಜಮಾನರು ದೂರು ತಂದರೆ, ಗಾರ್ಡು ಹಾಕಿಸಿದಿರಾ ಎಂದು ಮೊದಲು ಅವರನ್ನೇ ಕೇಳುತ್ತೇವೆ. ಇದರಿಂದ ಕೆಲವು ಬಾಂಧವರಿಗೆ ಅಸಮಾಧಾನವಾದರೆ ಆಗಲಿ.

ಗಾರ್ಡುಗಳನ್ನೂ ಕಣ್ಣಿಗೆ ಹಾಕುವ ಕನ್ನಡಕಗಳನ್ನೂ ಬೂಟುಗಳನ್ನೂ ಸಂಘದಲ್ಲಿ ಕೊಂಡ ಬೆಲೆಗೇ ಮಾರುವ ಬಗ್ಗೆಯೂ ಮೇಲಿನ ಶುಲ್ಕದ ಬಗ್ಗೆಯೂ ಮುಂದಿನ ಆಡಳಿತ ಮಂಡಳಿ ಸಭೆಗೆ ಟಿಪ್ಪಣಿ ಇಡುತ್ತಿದ್ದೇವೆ. ವಿರೋಧವಿರುವ ಸದಸ್ಯರು ಸಭೆಗೆ ಮುಂಚೆ ಬರೆದು ತಿಳಿಸಬಹುದು. ಅಷ್ಟರಲ್ಲಿ ತಾವೇ ಗಾರ್ಡು ಜೋಡಿಸಲು ಕೂರುವವರಿಗೆ ಒಂದು ಸೂಚನೆ. ಬಹುತೇಕ ಯಂತ್ರಗಳಲ್ಲಿ ಅಲಗಿನ ನಟ್ಟಿನ ಮರೆ ಎಡಗೈಯದು. ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೆ ತಿರುಗಿಸಿದರೆ ಬಿಚ್ಚಿಕೊಳ್ಳುತ್ತದೆ, ವಿರುದ್ಧ ದಿಕ್ಕಿಗೆ ಬಿಗಿಯುತ್ತದೆ. ಇದನ್ನರಿಯದೆ ಬಲ ಹಾಕಿ ನಟ್ಟು ಕೆಡಿಸಿದವರು ಹಲವರಿದ್ದಾರೆ. ಕೈ ಹಾಕುವ ಮೊದಲು ಪ್ಲಗ್ಗಿನ ಟೋಪಿ ಕಿತ್ತಿಡಿ.