ನಿದ್ರಾಭಂಗವು ಯಾರ ಖಾತೆಗೆ?

ವಸತಿ ಬಡಾವಣೆಯಲ್ಲಿ ರಾತ್ರಿ ಹನ್ನೊಂದಕ್ಕೆ ಕಾಂಕ್ರೀಟ್ ಮಿಕ್ಸರ್ ತಿರುಗುತ್ತಿದೆಯೆಂದು ಆಕ್ಷೇಪಿಸಿದರೆ, "ನಾಲ್ಕು ದಿನದ ಕೆಲಸ, ಸ್ವಲ್ಪ ಹೊಂದಿಕೊಂಡು ಹೋಗಿ" ಎಂಬ ಉತ್ತರ ಸಿದ್ಧವಾಗಿರುತ್ತದೆ. ಇಂಥ ಹೊಂದಾಣಿಕೆಯನ್ನು ಬೇಡುವ ಹಕ್ಕು ಕಟ್ಟಡದ ಒಡೆಯನಿಗೆ ಉಂಟೇ? ಇಲ್ಲ. ಕೇಂದ್ರ ಸರ್ಕಾರದ 2000ದ ಶಬ್ದಮಾಲಿನ್ಯ ನಿಯಮಗಳಿಗೆ 2010ರಲ್ಲಿ ತಂದ ತಿದ್ದುಪಡಿಯು, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ವಸತಿ ಪ್ರದೇಶಗಳಲ್ಲಿಯೂ ನಿಶ್ಶಬ್ದ ವಲಯಗಳಲ್ಲಿಯೂ ಸದ್ದು ಮಾಡುವ ನಿರ್ಮಾಣಯಂತ್ರಗಳನ್ನು ನಡೆಸಕೂಡದೆಂದು ಸ್ಪಷ್ಟವಾಗಿ ವಿಧಿಸಿದೆ.

ದೂರು ಕೊಡಲು ಹೋದವರಿಗೆ, ಸದ್ದನ್ನು ಅಳೆಯುವ ಉಪಕರಣವಿಲ್ಲವೆಂದು ಹೇಳಿ ಕಳುಹಿಸುವುದುಂಟು. ಹಗಲಿನ ದೂರಿಗೆ ಈ ಮಾತನ್ನು ಅಷ್ಟಿಷ್ಟು ಒಪ್ಪಬಹುದು. ವಸತಿ ಪ್ರದೇಶದ ಹಗಲಿನ ಮಿತಿಯಾದ 55 ಡೆಸಿಬಲ್‌ಗಿಂತ ಸದ್ದು ಇನ್ನೂ 10 ಡೆಸಿಬಲ್ ಏರಿದರೆ ಮಾತ್ರ ಆಗ ದೂರಿಗೆ ಅವಕಾಶ. (ಆ ಲೆಕ್ಕದಲ್ಲಿ ಹತ್ತು ಏರಿತೆಂದರೆ ಶಬ್ದದ ಶಕ್ತಿ ಹತ್ತುಪಟ್ಟಾಯಿತೆಂದು ಅರ್ಥ. ಇಷ್ಟೊಂದು ಉದಾರವಾದ ವಿನಾಯಿತಿ ಯಾವ ತಕ್ಕಡಿಯಲ್ಲಿ ದೊರೆತೀತು!) ರಾತ್ರಿಯ ನಿಷೇಧಕ್ಕಾದರೋ ಮೀಟರು ಬೇಕಿಲ್ಲ, ಗಡಿಯಾರ ಸಾಕು. ಆ ನಿಷೇಧವನ್ನು ಮುರಿದುದೇ ದೂರಿಗೆ ಆಧಾರವೆಂದು ಅದೇ ನಿಯಮಗಳಲ್ಲಿದೆ.

ತಾರಸಿಗೆ ಕಾಂಕ್ರೀಟು ಹಾಕುವುದನ್ನು ನಡುವೆ ನಿಲ್ಲಿಸಿದರೆ ಹಳೆಯದಕ್ಕೂ ಹೊಸದಕ್ಕೂ ಬೆಸುಗೆ ಕೂಡದೆಂದು ಗುತ್ತಿಗೆದಾರರು ವಾದಿಸುತ್ತಾರೆ. ನಿಜ. ಆದರೆ ಬೆಳಿಗ್ಗೆ ಆರಕ್ಕೆ ತೊಡಗಿದವನಿಗೆ ಹದಿನಾರು ಗಂಟೆಗಳ ಅವಕಾಶವಿದೆ. ಮಧ್ಯಾಹ್ನ ಮೂರಕ್ಕೆ ಜಲ್ಲಿ ತರಿಸಿಕೊಳ್ಳುವವನ ಅವ್ಯವಸ್ಥೆಗೆ ಎದುರುಮನೆಯ ರೋಗಿ ಏಕೆ ಹೊಣೆಯಾಗಬೇಕು?

ಅವಸರದ ಮೂಲವು ಬಹುಮಟ್ಟಿಗೆ ಸಾಲದ ಬಡ್ಡಿ. ಸಿಮೆಂಟು, ಕಬ್ಬಿಣ, ಕೂಲಿ, ಬಡ್ಡಿ ಎಲ್ಲಕ್ಕೂ ಖಾತೆಯಲ್ಲಿ ಪುಟವುಂಟು. ನೆರೆಯವರ ನಿದ್ರೆಗೆ ಪುಟವಿಲ್ಲದ್ದರಿಂದ ಅದು ಪುಕ್ಕಟೆಯಾಗಿದೆ. ಪರರ ಸೊತ್ತನ್ನು ಕೇಳದೆ ತೆಗೆದು ತನ್ನ ಲಾಭಕ್ಕೆ ಜಮಾ ಮಾಡಿಕೊಳ್ಳುವುದಕ್ಕೆ ವ್ಯಾಪಾರವೆಂಬ ಹೆಸರು ಸಲ್ಲದು. ಆ ನಿವೇಶನದಲ್ಲಿಯೇ ತಗಡಿನ ಶೆಡ್ಡಿನಲ್ಲಿ ಮಲಗುವ ಕೂಲಿಕಾರರ ಮಕ್ಕಳ ನಿದ್ರೆಯಂತೂ ಯಾರ ಗಣನೆಗೂ ಬಾರದು. ಅವರು ಯಾರ ಮೇಲೆ ದೂರು ಕೊಟ್ಟಾರು?

ಪರಿಸರ ಸಂರಕ್ಷಣಾ ಕಾಯಿದೆಯಡಿ ಉಲ್ಲಂಘನೆಗೆ ನೇರವಾಗಿ ಇದ್ದ ಸೆರೆವಾಸವನ್ನು 2024ರ ಏಪ್ರಿಲ್‌ನಿಂದ ತೆಗೆದು, 10 ಸಾವಿರದಿಂದ 15 ಲಕ್ಷ ರೂಪಾಯಿಗಳವರೆಗೆ ದಂಡವನ್ನಿರಿಸಲಾಗಿದೆ. ಕನಿಷ್ಠ ದಂಡವನ್ನೇ ವಿಧಿಸುತ್ತ ಹೋದರೆ ದೊಡ್ಡ ಬಿಲ್ಡರನು ಅದನ್ನೂ ಖರ್ಚಿನ ಬಾಬ್ತಿಗೆ ಬರೆದುಕೊಂಡು ಮಿಕ್ಸರ್ ತಿರುಗಿಸುತ್ತಾನೆ. ಆದ್ದರಿಂದ ಕಟ್ಟಡದ ಪರವಾನಗಿ ಪತ್ರದಲ್ಲಿಯೇ ಕೆಲಸದ ವೇಳೆಯನ್ನು ನಮೂದಿಸಿ, ಎರಡನೆಯ ಬಾರಿ ಮುರಿದವನ ಪರವಾನಗಿಯನ್ನು ತಡೆಹಿಡಿಯಬೇಕು. ದೂರು ಸ್ವೀಕರಿಸುವ ಅಧಿಕಾರಿಯ ದೂರವಾಣಿ ಸಂಖ್ಯೆಯನ್ನು ನಿವೇಶನದ ಮುಂದಿನ ಫಲಕದಲ್ಲಿ ಬರೆಸಬೇಕು.